ಎಲ್ಲಕ್ಕೂ ಒಂದೇ ರಿಮೋಟ್: ಕಡಿಮೆ ಖರ್ಚಿನಲ್ಲಿ ಆರಿಸಿಕೊಳ್ಳುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಟಿ.ವಿ.ಗೆ ಒಂದು, ಸೆಟ್‌ಟಾಪ್ ಬಾಕ್ಸ್‌ಗೆ ಒಂದು, ಸೌಂಡ್‌ಬಾರ್‌ಗೆ ಮತ್ತೊಂದು ಎಂದು ರಿಮೋಟ್‌ಗಳು ಸೇರುತ್ತ ಹೋದ ಮನೆಗಳಿಂದ ಹಲವು ವರ್ಷಗಳಲ್ಲಿ ನನಗೆ ಬಂದ ಪ್ರಶ್ನೆಗಳಿವು. ಕೆಲವನ್ನು ನೆಂಟರು ಮದುವೆಮನೆಯ ಪಂಕ್ತಿಯಲ್ಲಿ ಕೂತು ಕೇಳಿದ್ದಾರೆ, ಕೆಲವು ಪತ್ರ ಮತ್ತು ಸಂದೇಶಗಳಲ್ಲಿ ಬಂದಿವೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಇಟ್ಟು, ಸುಲಭದ್ದರಿಂದ ಕಠಿಣದ್ದರ ಕಡೆಗೆ ಜೋಡಿಸಿದ್ದೇನೆ. ಎಲ್ಲ ಉತ್ತರಗಳ ಹಿಂದೆ ಇರುವ ನನ್ನ ಅಭಿಪ್ರಾಯ ಒಂದೇ: ಮೊದಲು ನೋಡಬೇಕಾದದ್ದು ರಿಮೋಟನ್ನಲ್ಲ, ಅದರ ಮಾತು ಕೇಳಬೇಕಾದ ಸಾಧನಗಳನ್ನು.

## ಮೊದಲು ತಿಳಿದಿರಬೇಕಾದದ್ದು

ಯೂನಿವರ್ಸಲ್ ಅಂತ ಬರೆದಿರುತ್ತಾರಲ್ಲ, ನಿಜವಾಗಿಯೂ ಎಲ್ಲಕ್ಕೂ ಆಗುತ್ತದೆಯೇ?

ಆಗುವುದಿಲ್ಲ. ಆ ಹೆಸರಿನಲ್ಲಿ ಮೂರು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತವೆ. ಮೊದಲನೆಯದು ಒಂದೇ ಬ್ರ್ಯಾಂಡಿನ ಹಲವು ಮಾಡೆಲ್‌ಗಳಿಗೆ ಹೊಂದುವ ರಿಮೋಟ್. 'ಎಲ್ಲ ಎಲ್‌ಜಿ ಟಿ.ವಿ.ಗಳಿಗೆ' ಎಂದು ಪೊಟ್ಟಣದ ಮೇಲೆ ಬರೆದಿರುವುದು ಈ ಬಗೆಯದಕ್ಕೆ, ಮತ್ತು ಇದು ಪಕ್ಕದ ಸೆಟ್‌ಟಾಪ್ ಬಾಕ್ಸನ್ನು ಮುಟ್ಟುವುದೂ ಇಲ್ಲ. ಎರಡನೆಯದು ನೂರಾರು ಬ್ರ್ಯಾಂಡ್‌ಗಳ ಸಂಕೇತಗಳನ್ನು ಒಳಗೇ ತುಂಬಿಕೊಂಡು ಬರುವ ರಿಮೋಟ್. ಇದಕ್ಕೆ ಮೂರು ಅಥವಾ ನಾಲ್ಕು ಅಂಕಿಯ ಕೋಡ್ ಕೊಟ್ಟು ನಮ್ಮ ಸಾಧನ ಯಾವುದೆಂದು ತಿಳಿಸಬೇಕು. ಮೂರನೆಯದು ಕಲಿಯುವ ರಿಮೋಟ್: ಹಳೆಯ ರಿಮೋಟನ್ನು ಎದುರಿಗೆ ಹಿಡಿದು ಒಂದೊಂದೇ ಗುಂಡಿಯನ್ನು ಕಲಿಸಿಕೊಟ್ಟರೆ ಅದನ್ನು ನೆನಪಿಟ್ಟುಕೊಳ್ಳುತ್ತದೆ. ನಮ್ಮಲ್ಲಿ ಬಳಕೆಯಲ್ಲಿರುವ ಕೇಬಲ್ ಬಾಕ್ಸ್‌ಗಳ ಮತ್ತು ಅಷ್ಟೇನೂ ಹೆಸರಾಗದ ಹೋಮ್ ಥಿಯೇಟರ್‌ಗಳ ಸಂಕೇತಗಳು ಕೋಡ್ ಪಟ್ಟಿಗಳಲ್ಲಿ ಅನೇಕ ವೇಳೆ ಇರುವುದೇ ಇಲ್ಲವಾದ್ದರಿಂದ, ಮೂರರಲ್ಲಿ ನಮ್ಮ ಮನೆಗಳಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಮೂರನೆಯದೇ ಎಂಬುದು ನನ್ನ ಅನುಭವ.

ಗುಂಡಿ ಒತ್ತಿದರೆ ಟಿ.ವಿ.ಗೆ ಹೇಗೆ ತಿಳಿಯುತ್ತದೆ? ಅದೆಲ್ಲ ನಮಗೆ ಯಾಕೆ ಬೇಕು?

ಸ್ವಲ್ಪ ತಿಳಿದಿದ್ದರೆ ಮುಂದಿನ ಅರ್ಧ ತೊಂದರೆಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ರಿಮೋಟ್‌ನ ಮೂತಿಯಲ್ಲಿ ಒಂದು ಪುಟ್ಟ ಎಲ್‌ಇಡಿ ಇರುತ್ತದೆ. ಅದು ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು, ಅಂದರೆ ಐಆರ್ ಬೆಳಕನ್ನು, ಸಾಮಾನ್ಯವಾಗಿ ಸೆಕೆಂಡಿಗೆ 38,000 ಸಲ ಮಿಣುಕಿಸುತ್ತದೆ. ಈ ಮಿಣುಕಿನ ಗೊಂಚಲುಗಳ ಉದ್ದವನ್ನೂ ನಡುವಿನ ಬಿಡುವನ್ನೂ ಬದಲಿಸುವುದೇ ಸಂಕೇತದ ಭಾಷೆ. ಭಾಷೆ ಎಲ್ಲರದೂ ಒಂದೇ ಅಲ್ಲ. ಹಲವು ಕಂಪನಿಗಳು ಎನ್‌ಇಸಿ ಎಂಬ ಪದ್ಧತಿಯನ್ನು ಬಳಸುತ್ತವೆ, ಫಿಲಿಪ್ಸ್ ಆರ್‌ಸಿ-5 ಎಂಬುದನ್ನು ರೂಪಿಸಿತು, ಸೋನಿಯ ಪದ್ಧತಿ 40,000 ಸಲದ ಮಿಣುಕಿನಲ್ಲಿ ನಡೆಯುತ್ತದೆ. ಒಂದು ರಿಮೋಟ್ ಎಲ್ಲದಕ್ಕೂ ಆಗಬೇಕಾದರೆ ಅದಕ್ಕೆ ಈ ಎಲ್ಲ ಭಾಷೆಗಳೂ ಬರಬೇಕು. ಇನ್ನೊಂದು ಮಾತು: ಇದು ಬೆಳಕು, ಆದ್ದರಿಂದ ಗೋಡೆಯನ್ನಾಗಲಿ ಮರದ ಬಾಗಿಲನ್ನಾಗಲಿ ದಾಟುವುದಿಲ್ಲ.

ನಮ್ಮ ಮನೆಯ ಸಾಧನ ಐಆರೋ ಬ್ಲೂಟೂತೋ, ಪತ್ತೆ ಮಾಡುವುದು ಹೇಗೆ?

ಎರಡು ನಿಮಿಷದ ಪರೀಕ್ಷೆ ಇದು. ಮಾಡದೆ ಯಾರೂ ಅಂಗಡಿಗೆ ಹೋಗಬಾರದು. ರಿಮೋಟ್‌ನ ಮೂತಿಯನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿ, ಬೆನ್ನು ತಿರುಗಿಸಿ ನಿಂತು ಗುಂಡಿ ಒತ್ತಿ. ಆಗಲೂ ಕೆಲಸ ನಡೆದರೆ ಅದು ಬ್ಲೂಟೂತ್ ಅಥವಾ ಬೇರೆ ರೇಡಿಯೋ ತರಂಗದ ರಿಮೋಟ್, ನಡೆಯದಿದ್ದರೆ ಐಆರ್. ಜೊತೆಗೆ ಫೋನ್‌ನ ಕ್ಯಾಮೆರಾ ತೆರೆದು ರಿಮೋಟ್‌ನ ಮೂತಿಯನ್ನು ಅದಕ್ಕೆ ತೋರಿಸಿ ಒತ್ತಿ ನೋಡಿ. ಐಆರ್ ಆದರೆ ಪರದೆಯ ಮೇಲೆ ನೇರಳೆ ಅಥವಾ ಬಿಳಿ ಬಣ್ಣದ ಮಿಣುಕು ಕಾಣುತ್ತದೆ. ಹಲವು ಫೋನ್‌ಗಳ ಹಿಂದಿನ ಕ್ಯಾಮೆರಾದಲ್ಲಿ ಈ ಬೆಳಕನ್ನು ತಡೆಯುವ ಸೋಸುಗಾಜು ಇರುವುದರಿಂದ ಸೆಲ್ಫಿ ಕ್ಯಾಮೆರಾದಲ್ಲಿ ನೋಡುವುದು ಒಳ್ಳೆಯದು.

ಒಂದೇ ರಿಮೋಟ್‌ನಲ್ಲಿ ಎರಡೂ ಇರಬಹುದು ಎಂಬುದನ್ನು ಮರೆಯಬೇಡಿ. ಸ್ಮಾರ್ಟ್ ಟಿ.ವಿ.ಗಳ ರಿಮೋಟ್‌ಗಳಲ್ಲಿ ಆನ್-ಆಫ್ ಐಆರ್‌ನಲ್ಲಿದ್ದು ಉಳಿದದ್ದು ಬ್ಲೂಟೂತ್‌ನಲ್ಲಿರುವುದುಂಟು. ಅಮೆಜಾನ್ ಫೈರ್ ಟಿ.ವಿ. ಸ್ಟಿಕ್‌ನ ರಿಮೋಟ್ ಸ್ಟಿಕ್‌ನೊಂದಿಗೆ ರೇಡಿಯೋ ತರಂಗದಲ್ಲಿ ಮಾತನಾಡುತ್ತದೆ, ಟಿ.ವಿ.ಯನ್ನು ಆನ್-ಆಫ್ ಮಾಡಲು ಮತ್ತು ಅದರ ಸೌಂಡ್ ಏರಿಳಿಸಲು ಮಾತ್ರ ಐಆರ್ ಬಳಸುತ್ತದೆ. ಆದ್ದರಿಂದ ಪ್ರತಿಯೊಂದು ಗುಂಡಿಯನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ, ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಸಾಮಾನ್ಯ ಐಆರ್ ರಿಮೋಟ್‌ಗೆ ಬ್ಲೂಟೂತ್ ಗುಂಡಿಗಳನ್ನು ಎಷ್ಟು ಕಲಿಸಿದರೂ ಬರುವುದಿಲ್ಲ.

ಹಳೇ ರಿಮೋಟ್ ಕೆಟ್ಟಿದೆ ಅಂತ ಹೊಸದು ನೋಡುತ್ತಿದ್ದೇನೆ. ಅದನ್ನೇ ಸರಿಮಾಡಿಕೊಳ್ಳಬಹುದೇ?

ನೀವು ಕೆಟ್ಟಿದೆ ಎನ್ನುವ ರಿಮೋಟ್ ಬಹುಶಃ ಕೆಟ್ಟಿಲ್ಲ. ಅಂಗೈಗೆ ನಾಲ್ಕು ಸಲ ತಟ್ಟಿದರೆ ಕೆಲಸ ಮಾಡುತ್ತದೆ ಎಂದಾದರೆ ತೊಂದರೆ ಇರುವುದು ಸೆಲ್ ಕೂರುವ ಸ್ಪ್ರಿಂಗ್‌ನಲ್ಲಿ. ಅಲ್ಲಿ ಹಸಿರು ಅಥವಾ ಬಿಳಿ ಪುಡಿ ಕಟ್ಟಿದ್ದರೆ, ನಿಂಬೆಹಣ್ಣಿನ ರಸದಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ, ಪೂರ್ತಿ ಆರಲು ಬಿಡಿ. ಕೆಲವೇ ಗುಂಡಿಗಳು ಕೆಲಸ ಮಾಡುತ್ತಿಲ್ಲವಾದರೆ ಮೇಲಿನ ಚಿಪ್ಪನ್ನು ಬಿಡಿಸಿ ನೋಡಬೇಕು. ರಬ್ಬರ್ ಹಾಳೆಯ ಕೆಳಗೆ ಪ್ರತಿ ಗುಂಡಿಗೂ ಒಂದು ಕಪ್ಪು ಕಾರ್ಬನ್ ಚುಕ್ಕೆ ಇರುತ್ತದೆ; ವರ್ಷಗಳು ಕಳೆದಂತೆ ಅದರ ಮೇಲೆ ಜಿಡ್ಡಿನ ಪೊರೆ ಹರಡಿಕೊಂಡಿರುತ್ತದೆ. ಐಸೊಪ್ರೊಪಿಲ್ ಆಲ್ಕೊಹಾಲ್ ತಾಗಿಸಿದ ಹತ್ತಿಯಿಂದ ರಬ್ಬರನ್ನೂ ಹಸಿರು ಸರ್ಕ್ಯೂಟ್ ಹಲಗೆಯನ್ನೂ ಹಗುರವಾಗಿ ಒರೆಸಿ, ಒಣಗಿದ ಮೇಲೆ ಮುಚ್ಚಿ. ಹೊಸ ಎರಡು ಸೆಲ್ ಹಾಕಿದ ಮೇಲೂ ಕ್ಯಾಮೆರಾದಲ್ಲಿ ಯಾವ ಗುಂಡಿಗೂ ಮಿಣುಕು ಕಾಣದಿದ್ದರೆ ಮಾತ್ರ ಅದನ್ನು ಬಿಟ್ಟುಬಿಡಿ.

ಕಲಿಯುವ ರಿಮೋಟ್ ಕೊಳ್ಳುವವರೂ ಇದನ್ನು ಮಾಡಲೇಬೇಕು. ಹಳೆಯದು ಪೂರ್ತಿ ಸತ್ತಮೇಲೆ ಹೊಸದಕ್ಕೆ ಕಲಿಸುವವರು ಯಾರೂ ಇರುವುದಿಲ್ಲ.

ಸೆಟ್‌ಟಾಪ್ ಬಾಕ್ಸ್ ರಿಮೋಟಿನಲ್ಲಿ 'ಟಿವಿ' ಅಂತ ಬರೆದ ಮೂರು ನಾಲ್ಕು ಗುಂಡಿ ಇವೆ, ಏನೂ ಆಗುವುದಿಲ್ಲ. ಯಾಕಿವೆ?

ನಿಮಗೆ ಬೇಕಾದ ರಿಮೋಟ್ ಬಹುಶಃ ಈಗಾಗಲೇ ನಿಮ್ಮ ಕೈಯಲ್ಲಿದೆ. ಬೆಂಗಳೂರು ಮತ್ತು ಮೈಸೂರಿನಲ್ಲಿ 2013ರಲ್ಲಿ ಕೇಬಲ್ ಡಿಜಿಟಲ್ ಆದಾಗ, ಅನಂತರ ಉಳಿದ ಊರುಗಳಲ್ಲೂ, ಮನೆಮನೆಗೆ ಎರಡನೆಯ ರಿಮೋಟ್ ಬಂತು. ಆ ರಿಮೋಟ್‌ಗಳಲ್ಲಿ ಅನೇಕವುಗಳ ಒಂದು ತುದಿಯಲ್ಲಿ, ಬೇರೆ ಬಣ್ಣದ ಚೌಕಟ್ಟಿನೊಳಗೆ, ಪವರ್, ಸೌಂಡ್ ಏರಿಳಿತ, ಎ.ವಿ. ಮತ್ತು ಸೆಟ್ ಎಂಬ ಗುಂಡಿಗಳಿರುತ್ತವೆ. ಇವು ಖಾಲಿ ಗುಂಡಿಗಳು, ಟಿ.ವಿ. ರಿಮೋಟ್‌ನಿಂದ ಕಲಿಯಲೆಂದೇ ಇಟ್ಟವು. ಕೆಲವು ಡಿಟಿಎಚ್ ರಿಮೋಟ್‌ಗಳಲ್ಲೂ ಈ ಅನುಕೂಲವಿದೆ.

ಕ್ರಮ ಒಂದೊಂದರಲ್ಲಿ ಒಂದೊಂದು ಥರ ಇದ್ದರೂ ಸಾಮಾನ್ಯವಾಗಿ ಹೀಗೆ: ಸೆಟ್ ಗುಂಡಿಯನ್ನು ಕೆಂಪು ದೀಪ ನಿಂತು ಉರಿಯುವವರೆಗೆ ಒತ್ತಿ ಹಿಡಿಯಬೇಕು, ಕಲಿಸಬೇಕಾದ ಖಾಲಿ ಗುಂಡಿಯನ್ನು ಒಮ್ಮೆ ಒತ್ತಬೇಕು, ಟಿ.ವಿ. ರಿಮೋಟನ್ನು ಮೂತಿಗೆ ಮೂತಿ ಎದುರಾಗಿಟ್ಟು ಅದರ ಗುಂಡಿ ಒತ್ತಬೇಕು, ದೀಪ ಮಿಣುಕಿದರೆ ಕಲಿತಿದೆ ಎಂದರ್ಥ. ಎಲ್ಲ ಮುಗಿದ ಮೇಲೆ ಮತ್ತೆ ಸೆಟ್. ಸುದ್ದಿ, ಧಾರಾವಾಹಿ, ಕ್ರಿಕೆಟ್ ಇಷ್ಟನ್ನೇ ನೋಡುವ ಮನೆಗೆ ದಿನನಿತ್ಯ ಬೇಕಾದದ್ದು ಟಿ.ವಿ. ರಿಮೋಟ್‌ನ ಈ ನಾಲ್ಕು ಗುಂಡಿಗಳಷ್ಟೇ. ನಾನು ನೋಡಿದ ಬಹಳಷ್ಟು ಮನೆಗಳಲ್ಲಿ ಒಂದು ರೂಪಾಯಿ ಖರ್ಚಿಲ್ಲದೆ ಎರಡು ರಿಮೋಟ್‌ಗಳ ಕೆಲಸ ಒಂದಕ್ಕೆ ಇಳಿದಿದೆ.

ಟಿ.ವಿ. ರಿಮೋಟಿನಿಂದಲೇ ಸೌಂಡ್‌ಬಾರ್ ಕೂಡ ನಡೆಯುತ್ತದೆ ಅಂತ ತಮ್ಮ ಹೇಳುತ್ತಾನೆ. ನಿಜವೇ?

ನಿಜ. ಎಚ್‌ಡಿಎಂಐ ಕೇಬಲ್ ಚಿತ್ರ ಮತ್ತು ಧ್ವನಿಯ ಜೊತೆಗೆ ಸಾಧನಗಳ ನಡುವಿನ ಆಜ್ಞೆಗಳನ್ನೂ ಒಯ್ಯಬಲ್ಲದು. ಇದಕ್ಕೆ ಸಿಇಸಿ ಎಂದು ಹೆಸರು. ಕಂಪನಿಗಳು ಇದನ್ನೇ ತಮ್ಮ ತಮ್ಮ ಹೆಸರಿನಲ್ಲಿ ಕರೆಯುವುದರಿಂದ ಜನರಿಗೆ ಗುರುತು ಸಿಗುವುದಿಲ್ಲ: ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್, ಪ್ಯಾನಸೋನಿಕ್‌ನಲ್ಲಿ ವಿಯೆರಾ ಲಿಂಕ್. ಟಿ.ವಿ.ಯ ಸೆಟ್ಟಿಂಗ್ಸ್‌ನಲ್ಲಿ ಇದನ್ನು ಆನ್ ಮಾಡಿ, ಸೌಂಡ್‌ಬಾರನ್ನು ಟಿ.ವಿ.ಯ ಹಿಂಬದಿಯಲ್ಲಿ ಎಆರ್‌ಸಿ ಎಂದು ಬರೆದ ಕಿಂಡಿಗೇ ಜೋಡಿಸಿ. ಅದರ ನಂತರ ಟಿ.ವಿ. ರಿಮೋಟ್‌ನ ಸೌಂಡ್ ಗುಂಡಿ ಸೌಂಡ್‌ಬಾರನ್ನು ನಡೆಸುತ್ತದೆ, ಟಿ.ವಿ. ಆರಿದರೆ ಅದೂ ಆರುತ್ತದೆ. ಆಪ್ಟಿಕಲ್ ಕೇಬಲ್‌ನಲ್ಲಿ ಜೋಡಿಸಿದ್ದರೆ ಇದು ಆಗುವುದಿಲ್ಲ, ಅದು ಧ್ವನಿಯನ್ನಷ್ಟೇ ಒಯ್ಯುತ್ತದೆ. ಹಳದಿ-ಕೆಂಪು-ಬಿಳಿ ಪಿನ್ನಿನ ಹಳೆಯ ಕೇಬಲ್‌ಗೂ ಇದೇ ಮಾತು. ಫೈರ್ ಟಿ.ವಿ. ಸ್ಟಿಕ್‌ನಂಥವು ಸಿಇಸಿಯನ್ನು ಒಪ್ಪುತ್ತವೆ. ಸಾದಾ ಸೆಟ್‌ಟಾಪ್ ಬಾಕ್ಸ್‌ಗಳಲ್ಲಿ ಹಲವು ಒಪ್ಪುವುದಿಲ್ಲ.

## ಕೊಳ್ಳುವ ಹೊತ್ತಿನಲ್ಲಿ

ಎಷ್ಟು ದುಡ್ಡು ಹಾಕಿದರೆ ಸಾಕು?

ಒಂದೇ ಬ್ರ್ಯಾಂಡಿನ ಬದಲಿ ರಿಮೋಟ್ ಸುಮಾರು 150ರಿಂದ 400 ರೂಪಾಯಿಗೆ ಸಿಗುತ್ತದೆ. ಕಲಿಯುವ ರಿಮೋಟ್‌ಗೆ ಅದರ ಎರಡರಷ್ಟು ಇಟ್ಟುಕೊಳ್ಳಿ. ವೈ-ಫೈ ಮೂಲಕ ನಡೆಯುವ ಐಆರ್ ಪೆಟ್ಟಿಗೆಗಳು ಸಾವಿರದ ಆಚೀಚೆ ಇರುತ್ತವೆ. ಮೂರು ಸಾಧನಗಳಿರುವ ಸಾಧಾರಣ ಮನೆಗೆ ಸಾವಿರ ರೂಪಾಯಿಗಿಂತ ಹೆಚ್ಚು ಖರ್ಚು ಮಾಡಲು ನನಗೆ ಕಾರಣ ಕಾಣುವುದಿಲ್ಲ.

ಅಂಗಡಿಯವರು 'ಇದೇ ಮಾಡೆಲ್ಲು' ಅಂತ ಕೊಟ್ಟರು, ಮನೆಗೆ ಬಂದು ನೋಡಿದರೆ ಅರ್ಧ ಗುಂಡಿ ಕೆಲಸ ಮಾಡುವುದಿಲ್ಲ. ಏನು ನೋಡಿ ತರಬೇಕಿತ್ತು?

ನನಗೂ ಇದೇ ಆಗಿದೆ. ಊರಿನ ಟಿ.ವಿ.ಗೆ ಬೇಕೆಂದು ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಅಂಗಡಿಯಲ್ಲಿ, ಗೋಡೆಯುದ್ದಕ್ಕೂ ತೂಗುಹಾಕಿದ್ದ ಪ್ಲಾಸ್ಟಿಕ್ ಪೊಟ್ಟಣಗಳ ನಡುವೆ, ನೋಡಲು ತದ್ರೂಪವಾಗಿದ್ದ ರಿಮೋಟನ್ನು ತೆಗೆದುಕೊಂಡು ಹೋದೆ. ಆನ್ ಆಯಿತು, ಸೌಂಡ್ ಏರಿತು. ಸೋರ್ಸ್ ಗುಂಡಿ ಮಾತ್ರ ಕೆಲಸ ಮಾಡಲಿಲ್ಲ. ಸೋರ್ಸ್ ಬದಲಿಸಲಾಗದೆ ಸೆಟ್‌ಟಾಪ್ ಬಾಕ್ಸ್‌ನ ಚಿತ್ರವನ್ನೇ ತೆರೆಗೆ ತರಲಾಗಲಿಲ್ಲ, ಹಿಂತಿರುಗಿಸಲು ಮತ್ತೆ ಇಡೀ ದಿನದ ಪ್ರಯಾಣ.

ಅಂದಿನಿಂದ ನಾನು ಮೂರು ಸಂಗತಿಗಳನ್ನು ತಪ್ಪದೆ ಪಾಲಿಸುತ್ತೇನೆ. ಟಿ.ವಿ.ಯ ಬೆನ್ನಿನ ಚೀಟಿಯಲ್ಲಿರುವ ಪೂರ್ತಿ ಮಾಡೆಲ್ ಸಂಖ್ಯೆಯ ಫೋಟೊ ತೆಗೆದುಕೊಳ್ಳುತ್ತೇನೆ. ಹಳೆಯ ರಿಮೋಟ್‌ನ ಸೆಲ್ ಮುಚ್ಚಳ ತೆಗೆದರೆ ಒಳಗೆ ಅಥವಾ ಬೆನ್ನ ಮೇಲೆ ರಿಮೋಟ್‌ನದೇ ಬೇರೊಂದು ಸಂಖ್ಯೆ ಇರುತ್ತದೆ, ಅದನ್ನೂ ಬರೆದುಕೊಳ್ಳುತ್ತೇನೆ, ಹೊಂದಾಣಿಕೆಗೆ ಟಿ.ವಿ. ಸಂಖ್ಯೆಗಿಂತ ಇದೇ ಹೆಚ್ಚು ನಂಬಿಕಸ್ಥ. ಕೊನೆಯದಾಗಿ, ಎರಡು ರಿಮೋಟ್‌ಗಳ ಗುಂಡಿಗಳನ್ನು ಸಾಲುಸಾಲಾಗಿ ಹೋಲಿಸುತ್ತೇನೆ. ಒಂದು ಸಾಲು ಬೇರೆಯಾಗಿದ್ದರೂ ಅದು ಬೇರೆ ಪೀಳಿಗೆಯ ರಿಮೋಟ್ ಎಂದೇ ತಿಳಿಯಬೇಕು. ಆನ್‌ಲೈನ್‌ನಲ್ಲಿ ತರಿಸುವವರು ಕೊಳ್ಳುವ ಮೊದಲೇ ವಾಪಸು ಮಾಡುವ ಅವಧಿಯನ್ನು ಓದಿಕೊಂಡು, ಬಂದ ದಿನವೇ ಎಲ್ಲ ಗುಂಡಿಗಳನ್ನೂ ಒತ್ತಿ ನೋಡಬೇಕು.

ಸ್ಮಾರ್ಟ್ ಟಿ.ವಿ.ಯ ಧ್ವನಿ ರಿಮೋಟ್ ಕಳೆದುಹೋಗಿದೆ. ಮುನ್ನೂರು ರೂಪಾಯಿಯದರಲ್ಲಿ ಮಾತಾಡಿ ಹುಡುಕಬಹುದೇ?

ಆ ದರದ ಐಆರ್ ರಿಮೋಟ್‌ನಲ್ಲಿ ಮೈಕ್‌ನ ಚಿತ್ರವಿರುವ ಗುಂಡಿ ಇದ್ದರೂ ಒಳಗೆ ಮೈಕ್ ಇರುವುದಿಲ್ಲ, ಇದ್ದರೂ ಧ್ವನಿಯನ್ನು ಐಆರ್‌ನಲ್ಲಿ ಕಳುಹಿಸಲಾಗದು. ಅದಕ್ಕೆ ಬ್ಲೂಟೂತ್ ಬೇಕು. ಎಲ್‌ಜಿಯ ಮ್ಯಾಜಿಕ್ ರಿಮೋಟ್‌ನಂತೆ ಪರದೆಯ ಮೇಲೆ ಬಾಣದ ಗುರುತನ್ನು ಓಡಾಡಿಸುವ ಸೌಲಭ್ಯಕ್ಕೂ ಇದೇ ನಿಯಮ. ಧ್ವನಿ ನಿಜವಾಗಿ ಬೇಕಾಗಿದ್ದರೆ ಕಂಪನಿಯದೇ ರಿಮೋಟ್ ಕೊಳ್ಳಿ, ಇಲ್ಲವೆ ಫೋನ್‌ನ ಗೂಗಲ್ ಟಿ.ವಿ. ಆ್ಯಪ್‌ನಂಥದ್ದನ್ನು ಬಳಸಿ.

ನನ್ನ ಫೋನಿನಲ್ಲೇ ರಿಮೋಟ್ ಇದೆ. ಇನ್ನೊಂದು ಯಾಕೆ?

ಫೋನ್‌ನ ತಲೆಯ ಮೇಲೆ ಪುಟ್ಟ ಕಪ್ಪು ಚುಕ್ಕೆಯಂತೆ ಐಆರ್ ಎಲ್‌ಇಡಿ ಇದ್ದರೆ ಅದು ಒಳ್ಳೆಯ ರಿಮೋಟೇ. ಶಿಯೋಮಿ, ರೆಡ್‌ಮಿ, ಪೊಕೊ ಫೋನ್‌ಗಳಲ್ಲಿ ಇದು ಸಾಮಾನ್ಯ, ಐಫೋನ್‌ನಲ್ಲಿ ಇಲ್ಲ, ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್ ಸಾಲಿನಲ್ಲಿ ಎಸ್7ರಿಂದ ಇದನ್ನು ಕೈಬಿಟ್ಟಿತು. ಕೋಡ್‌ಗಳ ದೊಡ್ಡ ಸಂಗ್ರಹ ಫೋನ್‌ನಲ್ಲಿ ಇರುವುದರಿಂದ, ಹೊಸ ರಿಮೋಟ್ ಕೊಳ್ಳುವ ಮೊದಲು ನಿಮ್ಮ ಸಾಧನ ಐಆರ್‌ಗೆ ಬಗ್ಗುತ್ತದೆಯೇ ಎಂದು ಪರೀಕ್ಷಿಸಲು ಇದಕ್ಕಿಂತ ಸುಲಭವಾದ ಉಪಾಯವಿಲ್ಲ. ಆದರೆ ಮನೆಯ ಏಕೈಕ ರಿಮೋಟ್ ಫೋನ್ ಆಗಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಫೋನ್ ಇಟ್ಟುಕೊಂಡವರು ಹೊರಗೆ ಹೋದರೆ ಮನೆಯಲ್ಲಿ ಉಳಿದವರು ಟಿ.ವಿ. ಹಾಕಲಾರರು.

ಅಪ್ಪ ಅಮ್ಮ ಊರಲ್ಲಿ ಇಬ್ಬರೇ ಇದ್ದಾರೆ. ಅವರಿಗೆ ಎಂಥದ್ದು ಕೊಡಿಸಲಿ?

ನನಗೆ ಅತಿ ಹೆಚ್ಚು ಸಲ ಬಂದ ಪ್ರಶ್ನೆ ಇದು, ಮತ್ತು ಹೆಚ್ಚಿನವರು ತಪ್ಪುವುದೂ ಇಲ್ಲಿಯೇ. ಮಕ್ಕಳು ಪ್ರೀತಿಯಿಂದ ಐವತ್ತು ಗುಂಡಿಗಳ ರಿಮೋಟ್ ತಂದುಕೊಡುತ್ತಾರೆ. ವಯಸ್ಸಾದವರಿಗೆ ಬೇಕಾದದ್ದು ಕಡಿಮೆ ಗುಂಡಿ, ದೊಡ್ಡ ಅಕ್ಷರ, ಒತ್ತಿದಾಗ ಬೆರಳಿಗೆ ತಿಳಿಯುವ ಗುಂಡಿ. ಎಂಟು-ಹತ್ತು ದಪ್ಪ ಗುಂಡಿಗಳಷ್ಟೇ ಇರುವ ಕಲಿಯುವ ರಿಮೋಟ್‌ಗಳು ಸಿಗುತ್ತವೆ. ಆನ್-ಆಫ್, ಸೌಂಡ್, ಚಾನೆಲ್ ಕಲಿಸಿಕೊಟ್ಟರೆ ಸಾಕು.

ಚಾನೆಲ್ ಸಂಖ್ಯೆ ಒತ್ತಿ ರೂಢಿಯಾದವರಿಗೆ ಅಂಕಿಗಳನ್ನು ಕಸಿದುಕೊಳ್ಳುವುದು ಸರಿಯಲ್ಲ. ಅವರಿಗೆ ರೂಢಿಯಲ್ಲಿರುವ ಸೆಟ್‌ಟಾಪ್ ಬಾಕ್ಸ್ ರಿಮೋಟನ್ನೇ ಉಳಿಸಿ, ಟಿ.ವಿ.ಯ ಗುಂಡಿಗಳನ್ನು ಅದಕ್ಕೆ ಕಲಿಸಿ, ಟಿ.ವಿ. ರಿಮೋಟನ್ನು ಬೀರುವಿನಲ್ಲಿಡಿ. ನಮ್ಮ ಅಮ್ಮ ತಾವೇ ಒಂದು ಉಪಾಯ ಕಂಡುಕೊಂಡಿದ್ದಾರೆ. ಟಿ.ವಿ. ಆರಿಸುವ ಗುಂಡಿಯ ಮೇಲೆ ದೊಡ್ಡ ಕೆಂಪು ಸ್ಟಿಕ್ಕರ್, ಸೆಟ್‌ಟಾಪ್ ಬಾಕ್ಸಿನದರ ಮೇಲೆ ಸಣ್ಣ ಕಪ್ಪು ಸ್ಟಿಕ್ಕರ್, ಎರಡೂ ಹಣೆಗೆ ಇಡುವ ಬೊಟ್ಟುಗಳೇ. ಕನ್ನಡಕ ಇಲ್ಲದಿದ್ದರೂ ಬೆರಳು ಸವರಿದರೆ ಅವರಿಗೆ ಗೊತ್ತಾಗುತ್ತದೆ. ನಾನು ಹುಡುಕಿ ಹುಡುಕಿ ತಂದ ಯಾವ ರಿಮೋಟೂ ಅಷ್ಟು ಕೆಲಸಕ್ಕೆ ಬರಲಿಲ್ಲ. ಜೋಡಿಸಿಕೊಟ್ಟ ಮೇಲೆ ಅವರ ಪಕ್ಕದಲ್ಲಿ ಒಂದು ಸಂಜೆ ಕೂತು ಅವರೇ ಒತ್ತುವುದನ್ನು ನೋಡಿ. ಎಲ್ಲಿ ಬೆರಳು ತಡವರಿಸುತ್ತದೆಯೋ ಅಲ್ಲಿ ಬೊಟ್ಟು ಬೇಕು.

ಚಪ್ಪಟೆಯಾದ ಚಿಕ್ಕ ರಿಮೋಟ್ ಚೆನ್ನಾಗಿದೆ, ಬೆಲೆಯೂ ಕಡಿಮೆ. ತೆಗೆದುಕೊಳ್ಳಲೇ?

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬೇಡ. ಇಂಥವುಗಳಲ್ಲಿ ನಾಣ್ಯದಂಥ ಲಿಥಿಯಂ ಸೆಲ್ ಇರುತ್ತದೆ, ಮುಚ್ಚಳವೂ ಉಗುರಿಗೆ ಸಿಕ್ಕಿದರೆ ಜಾರಿ ಬರುತ್ತದೆ. ಮಗು ಅದನ್ನು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗೆ ತೀವ್ರವಾಗಿ ಸುಡಬಲ್ಲದು. ನುಂಗಿರಬಹುದೆಂಬ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಎರಡು ಟ್ರಿಪಲ್-ಎ ಸೆಲ್ ಹಾಕುವ, ಮುಚ್ಚಳಕ್ಕೆ ಸ್ಕ್ರೂ ಇರುವ ರಿಮೋಟನ್ನೇ ಆರಿಸಿ.

ಅಮೆರಿಕದಲ್ಲಿರುವ ಮಗ ಲಾಜಿಟೆಕ್ ಹಾರ್ಮೊನಿ ತಂದುಕೊಡುತ್ತೇನೆ ಅನ್ನುತ್ತಾನೆ. ತರಿಸಿಕೊಳ್ಳಲೇ?

ಹಾರ್ಮೊನಿ ಒಂದು ಕಾಲದಲ್ಲಿ ಈ ಕ್ಷೇತ್ರದ ಅತ್ಯುತ್ತಮ ರಿಮೋಟ್ ಆಗಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಲಾಜಿಟೆಕ್ 2021ರ ಏಪ್ರಿಲ್‌ನಲ್ಲಿ ಅದರ ತಯಾರಿಕೆಯನ್ನು ನಿಲ್ಲಿಸಿದುದಾಗಿ ತಿಳಿಸಿತು. ಈಗ ಸಿಗುವುದು ಉಳಿದ ದಾಸ್ತಾನು ಅಥವಾ ಬಳಸಿದ ಮಾಲು. ಅದನ್ನು ಹೊಂದಿಸಲು ಕಂಪನಿಯ ಸರ್ವರ್ ನಡೆಯುತ್ತಿರಬೇಕು, ನಮ್ಮ ಕೇಬಲ್ ಬಾಕ್ಸ್‌ಗಳನ್ನು ಹೇಗಿದ್ದರೂ ಕಲಿಸಿಯೇ ತೀರಬೇಕು. ಬಿಟ್ಟಿಯಾಗಿ ಬಂದರೆ ಇಟ್ಟುಕೊಳ್ಳಿ. ದುಡ್ಡು ಕೊಟ್ಟು ತರಿಸಬೇಡಿ. ಆ್ಯಪಲ್ ಕಂಪನಿಯನ್ನು ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕ್ ಅವರೂ 1987ರಲ್ಲಿ ಕೋರ್ ಎಂಬ ಕಲಿಯುವ ರಿಮೋಟನ್ನು ಹೊರತಂದಿದ್ದರು. ಅದು ತುಂಬ ಶಕ್ತಿಶಾಲಿ, ಆದರೆ ಹೊಂದಿಸುವುದು ಸಾಮಾನ್ಯ ಬಳಕೆದಾರನಿಗೆ ಕಷ್ಟವಾಗಿತ್ತು. ಕೊಳ್ಳುವ ಯಾವುದೇ ರಿಮೋಟ್‌ನ ಬಗ್ಗೆ ನಾನು ಮೊದಲು ಕೇಳಿಕೊಳ್ಳುವುದು, ಹೊಂದಿಸಿಕೊಟ್ಟವನು ಊರಲ್ಲಿಲ್ಲದಾಗ ಮನೆಯವರು ಇದನ್ನು ಸರಿಮಾಡಿಕೊಳ್ಳಬಲ್ಲರೇ ಎಂದು.

## ಹೊಂದಿಸುವಾಗ

ಕೋಡ್ ಪುಸ್ತಕದಲ್ಲಿ ನಮ್ಮ ಟಿ.ವಿ. ಹೆಸರೇ ಇಲ್ಲ. ವಾಪಸು ಮಾಡಲೇ?

ಈಗಲೇ ಬೇಡ. ಸಣ್ಣ ಬ್ರ್ಯಾಂಡ್‌ಗಳ ಟಿ.ವಿ.ಗಳ ಒಳಗಿನ ಹಲಗೆಯನ್ನು ಬೇರೆ ಕಂಪನಿಗಳು ಮಾಡಿಕೊಟ್ಟಿರುವುದರಿಂದ, ಇನ್ನಾವುದೋ ಹೆಸರಿನ ಕೋಡ್ ಹೊಂದುವ ಸಾಧ್ಯತೆ ಇದೆ. ತಾನಾಗಿ ಹುಡುಕುವ ಕ್ರಮವನ್ನು ಬಳಸಿ: ಟಿ.ವಿ. ಆನ್ ಇರುವಾಗ ರಿಮೋಟನ್ನು ಅದರತ್ತ ಹಿಡಿದು ಸೆಟ್ ಗುಂಡಿಯನ್ನು ಒತ್ತಿ ಹಿಡಿದರೆ, ಅದು ತನ್ನಲ್ಲಿರುವ ಆರಿಸುವ ಸಂಕೇತಗಳನ್ನು ಒಂದಾದ ಮೇಲೊಂದರಂತೆ ಕಳುಹಿಸುತ್ತ ಹೋಗುತ್ತದೆ. ಟಿ.ವಿ. ಆರಿದ ಕ್ಷಣವೇ ಕೈಬಿಡಬೇಕು ಅಥವಾ ಓಕೆ ಒತ್ತಬೇಕು. ಒಂದೆರಡು ಕ್ಷಣ ತಡವಾದರೆ ಮುಂದಿನ ಕೋಡ್‌ಗೆ ದಾಟಿಬಿಡುತ್ತದೆ, ಆದ್ದರಿಂದ ತಾಳ್ಮೆ ಬೇಕು. ಆನ್-ಆಫ್ ಕೆಲಸ ಮಾಡಿತೆಂದು ಅಲ್ಲಿಗೇ ನಿಲ್ಲಿಸದೆ ಸೌಂಡ್, ಸೋರ್ಸ್, ಮೆನು, ಹಿಂದಕ್ಕೆ ಹೋಗುವ ಗುಂಡಿ ಎಲ್ಲವನ್ನೂ ಒತ್ತಿ ನೋಡಿ. ಅರ್ಧಂಬರ್ಧ ಹೊಂದುವ ಕೋಡ್‌ಗಳು ಬಹಳ. ಕೊನೆಗೆ ಹೊಂದಿದ ಕೋಡನ್ನು ಸೆಲ್ ಮುಚ್ಚಳದ ಒಳಬದಿಯಲ್ಲಿ ಬರೆದು ಅಂಟಿಸಿ.

ಎಲ್ಲ ಕಲಿಸಿದೆ. ಆದರೆ ಒಂದು ಸಲ ಒತ್ತಿದರೆ ಆಗುತ್ತದೆ, ಮತ್ತೊಂದು ಸಲ ಆಗುವುದಿಲ್ಲ.

ಕಾರಣ ಮೂರರಲ್ಲಿ ಒಂದಿರುತ್ತದೆ. ಕಲಿಸುವಾಗ ಎರಡು ರಿಮೋಟ್‌ಗಳೂ ಮೇಜಿನ ಮೇಲೆ ಕದಲದೆ, ಮೂರು-ನಾಲ್ಕು ಸೆಂಟಿಮೀಟರ್ ಅಂತರದಲ್ಲಿ, ಒಂದೇ ಎತ್ತರದಲ್ಲಿರಬೇಕು. ಕಿಟಕಿಯ ಬಿಸಿಲು ನೇರವಾಗಿ ಬೀಳಬಾರದು, ಹಳೆಯ ರಿಮೋಟ್‌ನಲ್ಲಿ ಹೊಸ ಸೆಲ್ ಇರಬೇಕು. ಎರಡನೆಯದು, ಗುಂಡಿಯನ್ನು ಒತ್ತಿ ಹಿಡಿದುಕೊಳ್ಳುವ ಅಭ್ಯಾಸ. ಎನ್‌ಇಸಿ ಪದ್ಧತಿಯಲ್ಲಿ ಗುಂಡಿ ಹಿಡಿದಿದ್ದರೆ ಮೊದಲ ಪೂರ್ಣ ಸಂಕೇತದ ಬಳಿಕ 'ಹಿಂದಿನದೇ ಮತ್ತೆ' ಎಂಬ ಚುಟುಕು ಸಂಕೇತವಷ್ಟೇ ಹೋಗುತ್ತಿರುತ್ತದೆ, ಅದು ಕಲಿಕೆಯನ್ನು ಕೆಡಿಸಬಹುದು. ಚಿಕ್ಕದಾಗಿ ಒಮ್ಮೆ ಒತ್ತಿ ಬಿಡಿ.

ಮೂರನೆಯ ಕಾರಣ ಹೆಚ್ಚು ಜನರಿಗೆ ತಿಳಿಯದು. ಫಿಲಿಪ್ಸ್‌ನ ಆರ್‌ಸಿ-5 ಪದ್ಧತಿಯಲ್ಲಿ ಒಂದು ಅಂಶ ಪ್ರತಿ ಸಲದ ಒತ್ತಿಗೂ ಸೊನ್ನೆಯಿಂದ ಒಂದಕ್ಕೆ, ಒಂದರಿಂದ ಸೊನ್ನೆಗೆ ಬದಲಾಗುತ್ತದೆ. ಗುಂಡಿ ಹಿಡಿದಿದ್ದಾರೋ ಬಿಟ್ಟು ಒತ್ತಿದ್ದಾರೋ ಎಂದು ಸಾಧನ ತಿಳಿಯುವುದು ಇದರಿಂದ. ಅಗ್ಗದ ಕಲಿಯುವ ರಿಮೋಟ್ ಅದರ ಒಂದೇ ಸ್ಥಿತಿಯನ್ನು ಅಚ್ಚೊತ್ತಿಕೊಂಡಿರುತ್ತದೆ. ಆದ್ದರಿಂದ 11ನೇ ಚಾನೆಲ್‌ಗೆ ಎರಡು ಸಲ ಒಂದನ್ನು ಒತ್ತಿದರೆ ಸಾಧನ ಒಂದೇ ಸಲ ಎಂದು ತಿಳಿಯುತ್ತದೆ. ಇಂಥ ಸಾಧನಕ್ಕೆ ಕಲಿಸುವುದಕ್ಕಿಂತ ಕೋಡ್ ಕೊಡುವ ರಿಮೋಟೇ ವಾಸಿ.

ಸೆಲ್ ಬದಲಾಯಿಸಿದೆ, ಕಲಿಸಿದ್ದೆಲ್ಲ ಮರೆತುಹೋಯಿತು!

ಕೆಲವು ಅಗ್ಗದ ರಿಮೋಟ್‌ಗಳ ನೆನಪು ಸೆಲ್‌ನ ವಿದ್ಯುತ್ ಇರುವವರೆಗೆ ಮಾತ್ರ. ಕೊಂಡ ದಿನವೇ ಒಂದು ಗುಂಡಿ ಕಲಿಸಿ, ಎರಡೂ ಸೆಲ್ ತೆಗೆದು, ಅರ್ಧ ಗಂಟೆ ಬಿಟ್ಟು ಹಾಕಿ ಪರೀಕ್ಷಿಸಿ. ಮರೆತರೆ ವಾಪಸು ಮಾಡುವ ಅವಧಿ ಇನ್ನೂ ಉಳಿದಿರುತ್ತದೆ.

ಸೌಂಡ್ ಮೂರು ಕಡೆ ಇದೆ. ಯಾವುದನ್ನು ಏರಿಸಬೇಕು?

ಸೆಟ್‌ಟಾಪ್ ಬಾಕ್ಸ್‌ನ ಸೌಂಡನ್ನು ಪೂರ್ತಿ ಏರಿಸಿ ಅಲ್ಲೇ ಬಿಡಿ. ಆಗ ಮುಂದಕ್ಕೆ ಹೋಗುವ ಧ್ವನಿ ಸ್ಪಷ್ಟವಾಗಿರುತ್ತದೆ. ಮತ್ತೆ ಸೌಂಡ್‌ಬಾರ್ ಇದ್ದರೆ ಅದರದನ್ನು, ಇಲ್ಲದಿದ್ದರೆ ಟಿ.ವಿ.ಯದನ್ನು ಮಾತ್ರ ಏರಿಳಿಸಿ, ಒಂದೇ ರಿಮೋಟ್‌ಗೆ ಆ ಎರಡು ಗುಂಡಿಗಳನ್ನಷ್ಟೇ ಕಲಿಸಿ. ಮನೆಯವರೆಲ್ಲ ಒಂದೇ ಕಡೆ ಸೌಂಡ್ ಬದಲಿಸುವ ರೂಢಿಯಾದರೆ, ಧ್ವನಿಯೇ ಕೇಳುತ್ತಿಲ್ಲವೆಂಬ ದೂರು ಬಹಳಮಟ್ಟಿಗೆ ನಿಲ್ಲುತ್ತದೆ.

ಟಿ.ವಿ. ಕೋಣೆಯ ಎ.ಸಿ. ಮತ್ತು ಫ್ಯಾನನ್ನೂ ಇದಕ್ಕೇ ಸೇರಿಸಬಹುದೇ?

ಎ.ಸಿ.ಯನ್ನು ಸಾಮಾನ್ಯ ಕಲಿಯುವ ರಿಮೋಟ್‌ಗೆ ಸೇರಿಸಲು ಹೋಗಬೇಡಿ. ಟಿ.ವಿ. ರಿಮೋಟ್ 'ಸೌಂಡ್ ಒಂದು ಮೆಟ್ಟಿಲು ಏರಿಸು' ಎಂದಷ್ಟೇ ಹೇಳುತ್ತದೆ, ಎ.ಸಿ. ರಿಮೋಟ್ ಹಾಗಲ್ಲ. ನೀವು 24ರಿಂದ 25ಕ್ಕೆ ಏರಿಸಿದಾಗ ಅದು ತಾಪ, ಫ್ಯಾನ್ ವೇಗ, ಕೂಲ್ ಅಥವಾ ಡ್ರೈ, ರೆಕ್ಕೆಯ ಓಲಾಟ, ಹೀಗೆ ಇಡೀ ಸ್ಥಿತಿಯನ್ನು ಒಂದೇ ಉದ್ದನೆಯ ಸಂಕೇತವಾಗಿ ಕಳುಹಿಸುತ್ತದೆ. ಅದರ ಮುಖದಲ್ಲಿ ಪರದೆ ಇರುವುದೂ ಅದಕ್ಕೇ. ಒಂದು ಗುಂಡಿಗೆ ಕಲಿಸಿದರೆ ಅದು ಯಾವಾಗಲೂ ಅದೇ ಒಂದು ಸ್ಥಿತಿಯನ್ನೇ ಹೇಳುತ್ತಿರುತ್ತದೆ. ಎ.ಸಿ.ಗಳಿಗೆಂದೇ ಪರದೆಯಿರುವ ಬೇರೆ ಯೂನಿವರ್ಸಲ್ ರಿಮೋಟ್‌ಗಳಿವೆ, ಅವನ್ನು ಕೊಳ್ಳಿ. ರಿಮೋಟ್ ಇರುವ ಬಿಎಲ್‌ಡಿಸಿ ಫ್ಯಾನ್ ಐಆರ್ ಆಗಿದ್ದರೆ ಸುಲಭವಾಗಿ ಕಲಿಸಬಹುದು, ರೇಡಿಯೋ ತರಂಗದ್ದಾಗಿದ್ದರೆ ಆಗದು.

## ಇನ್ನೂ ಮುಂದೆ ಹೋಗುವವರಿಗೆ

ಸೆಟ್‌ಟಾಪ್ ಬಾಕ್ಸನ್ನು ಶೋಕೇಸಿನ ಬಾಗಿಲ ಹಿಂದೆ ಇಟ್ಟಿದ್ದೇವೆ. ರಿಮೋಟ್ ಕೆಲಸ ಮಾಡಲು ಏನು ಮಾಡಬೇಕು?

ಐಆರ್ ಎಕ್ಸ್‌ಟೆಂಡರ್ ಎಂಬ ತಂತಿ ಸಿಗುತ್ತದೆ. ಅದರ ಒಂದು ತುದಿಯ ಕಣ್ಣನ್ನು ಟಿ.ವಿ.ಯ ಅಂಚಿಗೆ ಅಂಟಿಸಿ, ಇನ್ನೊಂದು ತುದಿಯ ಪುಟ್ಟ ಎಲ್‌ಇಡಿಯನ್ನು ಬಾಕ್ಸ್‌ನ ಕಣ್ಣಿನ ಎದುರಿಗೆ ಅಂಟಿಸಬೇಕು. ಯುಎಸ್‌ಬಿಯಿಂದ ವಿದ್ಯುತ್ ಪಡೆಯುವಂಥದ್ದಾದರೆ ಟಿ.ವಿ. ಆರಿದಾಗ ಯುಎಸ್‌ಬಿ ಕಿಂಡಿಯೂ ಆರಬಹುದು, ಆದ್ದರಿಂದ ಫೋನ್ ಚಾರ್ಜರ್‌ನಿಂದ ಕೊಡಿ. ಬಾಗಿಲು ಮುಚ್ಚಿದ ಗೂಡಿನಲ್ಲಿ ಬಾಕ್ಸ್ ಬಿಸಿಯೇರುತ್ತದೆ. ಹಿಂಬದಿಯಲ್ಲಿ ಗಾಳಿಗೆ ಕಿಂಡಿ ಇರಲಿ.

ವೈ-ಫೈ ಐಆರ್ ಬ್ಲಾಸ್ಟರ್ ತೆಗೆದುಕೊಂಡರೆ ರಿಮೋಟೇ ಬೇಡ ಅನ್ನುತ್ತಾರೆ. ಹೌದೇ?

ಬ್ರಾಡ್‌ಲಿಂಕ್‌ನಂಥವರು ಮಾಡುವ ಈ ಪುಟ್ಟ ಪೆಟ್ಟಿಗೆ ಫೋನ್‌ನಿಂದಲೋ ಅಲೆಕ್ಸಾದಿಂದಲೋ ಬಂದ ಆಜ್ಞೆಯನ್ನು ಐಆರ್ ಬೆಳಕಾಗಿ ಕೋಣೆಯ ತುಂಬ ಹರಡುತ್ತದೆ. ಎ.ಸಿ.ಗಳ ಪೂರ್ಣ ಸ್ಥಿತಿಯನ್ನು ಇವು ಚೆನ್ನಾಗಿ ನಿಭಾಯಿಸುತ್ತವೆ, ಕೋಡ್ ಸಂಗ್ರಹವೂ ದೊಡ್ಡದು. ಆದರೆ ಇವುಗಳಲ್ಲಿ ಬಹುತೇಕ 2.4 ಗಿಗಾಹರ್ಟ್ಸ್ ವೈ-ಫೈಗೆ ಮಾತ್ರ ಸೇರುತ್ತವೆ; ಒಂದು ಕೋಣೆಗೆ ಒಂದು ಪೆಟ್ಟಿಗೆ ಬೇಕು; ಇಂಟರ್ನೆಟ್ ಹೋದಾಗ ಧ್ವನಿಯ ಆಜ್ಞೆಗಳು ನಿಲ್ಲುತ್ತವೆ. ಕೈಯಲ್ಲಿ ಹಿಡಿಯುವ ರಿಮೋಟ್‌ಗೆ ಜೊತೆಯಾಗಿ ಇದು ಒಳ್ಳೆಯದು, ಅದರ ಬದಲಿಗೆ ಅಲ್ಲ.

ಒಂದು ಗುಂಡಿಗೆ ಎಲ್ಲ ಆನ್ ಆಗುವಂತೆ ಮಾಡಿದ್ದೇನೆ. ಕೆಲವು ಸಲ ಟಿ.ವಿ. ಆನ್ ಆದರೆ ಬಾಕ್ಸ್ ಆಫ್ ಆಗುತ್ತದೆ.

ಹೆಚ್ಚಿನ ಪವರ್ ಗುಂಡಿಗಳು 'ಈಗಿರುವ ಸ್ಥಿತಿಯನ್ನು ತಿರುಗಿಸು' ಎಂದು ಹೇಳುತ್ತವೆಯೇ ಹೊರತು 'ಆನ್ ಆಗು' ಎಂದಲ್ಲ. ಕರೆಂಟ್ ಹೋಗಿ ಬಂದಾಗ ಕೆಲವು ಸೆಟ್‌ಟಾಪ್ ಬಾಕ್ಸ್‌ಗಳು ತಾವಾಗಿ ಎದ್ದು ಕೂರುತ್ತವೆ, ಟಿ.ವಿ. ಮಲಗಿಯೇ ಇರುತ್ತದೆ. ಆಗ ನಿಮ್ಮ ಒಂದು ಗುಂಡಿ ಎದ್ದದ್ದನ್ನು ಮಲಗಿಸಿ ಮಲಗಿದ್ದನ್ನು ಎಬ್ಬಿಸುತ್ತದೆ. ಪರಿಹಾರ ಎರಡು. ಹಲವು ಟಿ.ವಿ.ಗಳಿಗೆ ಆನ್‌ಗೂ ಆಫ್‌ಗೂ, ಎಚ್‌ಡಿಎಂಐ ಒಂದಕ್ಕೂ ಎರಡಕ್ಕೂ ಬೇರೆ ಬೇರೆ ಸಂಕೇತಗಳಿರುತ್ತವೆ. ಕಂಪನಿಯ ರಿಮೋಟ್‌ನಲ್ಲಿ ಅವಕ್ಕೆ ಗುಂಡಿ ಇರದಿದ್ದರೂ ಕೋಡ್ ಸಂಗ್ರಹಗಳಲ್ಲಿ ಸಿಗಬಹುದು, ಸಿಕ್ಕರೆ ಅವನ್ನೇ ಬಳಸಿ. ಸಿಗದಿದ್ದರೆ ಬಾಕ್ಸನ್ನು ಆ ಗುಂಡಿಯಿಂದ ಹೊರಗಿಟ್ಟು, ಬೇರೆಯಾಗಿಯೇ ಆನ್ ಮಾಡಿ.

ನನಗೆ ಬೆಸುಗೆ ಹಾಕಲು ಬರುತ್ತದೆ. ಮನೆಯಲ್ಲೇ ಮಾಡಿಕೊಳ್ಳಬಹುದೇ?

ಖಂಡಿತ, ಮತ್ತು ಖರ್ಚೂ ಹೆಚ್ಚಿಲ್ಲ. ಇಎಸ್‌ಪಿ8266 ಎಂಬ ವೈ-ಫೈ ಚಿಪ್ ಇರುವ ನೋಡ್‌ಎಂಸಿಯು ಹಲಗೆ, 940 ನ್ಯಾನೊಮೀಟರ್‌ನ ಐಆರ್ ಎಲ್‌ಇಡಿ, ಒಂದು ಟ್ರಾನ್ಸಿಸ್ಟರ್, ಒಂದೆರಡು ರೆಸಿಸ್ಟರ್, ಕಲಿಸಲು ಒಂದು ಐಆರ್ ರಿಸೀವರ್ ಇಷ್ಟು ಸಾಕು. ಎರಡು ಕಡೆ ಎಚ್ಚರ ಬೇಕು. ಎಲ್‌ಇಡಿಯನ್ನು ನೇರವಾಗಿ ಹಲಗೆಯ ಪಿನ್ನಿಗೆ ಜೋಡಿಸಿದರೆ ಸಾಕಷ್ಟು ವಿದ್ಯುತ್ ಸಿಗದೆ ಬೆಳಕು ಒಂದು ಮೀಟರ್ ಆಚೆ ಮುಟ್ಟುವುದೇ ಕಷ್ಟ. ಟ್ರಾನ್ಸಿಸ್ಟರ್‌ನ ಮೂಲಕವೇ ಕೊಡಬೇಕು. ಅಂಗಡಿಗಳಲ್ಲಿ ಸಾಮಾನ್ಯವಾಗಿ ಕೊಡುವ ಟಿಎಸ್‌ಒಪಿ1738 ರಿಸೀವರ್ 5 ವೋಲ್ಟ್‌ನದು, ಈ ಹಲಗೆ 3.3 ವೋಲ್ಟ್‌ನದು, ಆದ್ದರಿಂದ ವಿಎಸ್1838ಬಿಯಂತೆ 3.3 ವೋಲ್ಟ್‌ನಲ್ಲೂ ನಡೆಯುವುದನ್ನು ಕೇಳಿ ತನ್ನಿ.

ತಂತ್ರಾಂಶಕ್ಕೆ ಐಆರ್‌ರಿಮೋಟ್‌ಇಎಸ್‌ಪಿ8266 ಎಂಬ ಉಚಿತ ಸಂಗ್ರಹವಿದೆ. ಹಳೆಯ ರಿಮೋಟ್‌ನ ಗುಂಡಿ ಒತ್ತಿದರೆ ಅದು ಯಾವ ಪದ್ಧತಿಯ ಯಾವ ಸಂಕೇತವೆಂದು ಕಂಪ್ಯೂಟರ್ ಪರದೆಯ ಮೇಲೆ ತೋರಿಸುತ್ತದೆ. ಡೈಕಿನ್, ವೋಲ್ಟಾಸ್ ಮುಂತಾದ ಎ.ಸಿ.ಗಳ ಪೂರ್ಣ ಸ್ಥಿತಿಯ ಸಂಕೇತಗಳನ್ನೂ ಬಲ್ಲದು. ಸಿಕ್ಕ ಸಂಕೇತಗಳನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಸಾಧನವಾರು ಬರೆದಿಡಿ. ಮೂಲ ರಿಮೋಟ್ ನಾಳೆ ನೀರಿಗೆ ಬಿದ್ದು ಹಾಳಾದರೂ ಆ ಪುಟದಿಂದ ಅದರ ಪ್ರತಿ ಗುಂಡಿಯನ್ನೂ ಮತ್ತೆ ಕಟ್ಟಿಕೊಳ್ಳಬಹುದು.